ಯಾವ ಕಣ್ಣು

ಚುನಾವಣೆ ಘೋಷಣೆಯಾದ ಮಾರನೆಯ ದಿನದಿಂದ
ಮೂಡಿಗೆರೆ ಠಾಣೆಯ ಹಿಂದಿನ ಕೋಣೆಯಲ್ಲಿ ಕೂತು
ಕೋವಿಗಳಿಗೆ ಚೀಟಿ ಕಟ್ಟುತ್ತಿದ್ದೇನೆ.
ಒಂಟಿ ನಳಿಗೆ, ಜೋಡಿ ನಳಿಗೆ, ಕೇಪಿನದು,
ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು,
ತೀರಿಕೊಂಡ ಅಜ್ಜನ ಹೆಸರಲ್ಲೇ ಲೈಸೆನ್ಸು ಉಳಿದಿರುವುದು.
ನೂರ ಹದಿನಾಲ್ಕಾಯಿತು.
ಅನ್ನ ಕಲಸಿದರೂ ಕೈಯಲ್ಲಿ ಕಬ್ಬಿಣದ ವಾಸನೆ.

ಮಧ್ಯಾಹ್ನ ಬುತ್ತಿ ತಂದ ಅಕ್ಕನ ಮಗ ನಿಶ್ಚಲ
ಫೋನನ್ನು ನನ್ನ ಮೂಗಿಗೇ ಹಿಡಿದ:
ಅಲ್ಲೊಬ್ಬಳು, ಬೆಳ್ಳಿ ಜಡೆ, ಮೊನಚು ಕಿವಿ,
ತೋಳ ತುಂಬ ಮಿನುಗುವ ಮಂತ್ರದ ಹಚ್ಚೆ,
ಬಲಗೈಗೊಂದು ಬಂದೂಕು, ಎಡಗೈಗೊಂದು.
ರೆಕ್ಕೆಯ ಹಾವೊಂದು ಬೆಂಕಿ ಉಗುಳುತ್ತ ಇಳಿಯಿತು.
ಅವಳು ಗಾಳಿಯಲ್ಲೇ ಲಾಗ ಹಾಕಿ
ಒಂದರಿಂದ ತಲೆಗೆ, ಇನ್ನೊಂದರಿಂದ ಬಾಲಕ್ಕೆ
ನೋಡದೆಯೇ.

"ಚಿಕ್ಕಿ, ನೀನು ಪೊಲೀಸಲ್ವಾ, ಹಿಂಗೆ ಹೊಡೀತೀಯಾ?"

ಹಾವಿಗೆ ರೆಕ್ಕೆ ಇರಲಿ, ನನ್ನ ತಕರಾರಿಲ್ಲ.
ಅವಳಿಗೆ ಮುನ್ನೂರು ವರ್ಷ ಆಯಸ್ಸಿರಲಿ.
ಕೇಳುವುದಿಷ್ಟೇ: ಮದ್ದು ತುಂಬುವವರು ಯಾರು?
ಎರಡೂ ಕೈಗೆ ಕೆಲಸವಿದ್ದರೆ
ಚೀಲದ ಬಾಯಿ ಬಿಚ್ಚುವುದು ಯಾವ ಕೈ?
"ಒಂದ್ಸಲ ಗಿರ್ರಂತ ತಿರುಗಿಸಿದ್ರೆ ತಾನೇ ತುಂಬ್ಕೊಳತ್ತೆ."
"ತೂಕ?"
"ಅಲ್ಲಿ ತೂಕ ಇಲ್ಲ."
"ಒದೆತ?"
"ಹಂಗಂದ್ರೆ?"
ಕಾಲರು ಸರಿಸಿ ಹೆಗಲು ತೋರಿಸಿದೆ,
ಹೋದ ವಾರದ ಫೈರಿಂಗ್ ರೇಂಜಿನದು, ನೇರಳೆ ಹಣ್ಣು ಜಜ್ಜಿದ ಹಾಗೆ.
ಐದೇ ಗುಂಡು, ಅದೂ ಮಲಗಿ, ಎರಡು ಕೈಯಲ್ಲಿ ಒಂದನ್ನೇ ಹಿಡಿದು.
ಅವನು ಬೆರಳಿಂದ ಒತ್ತಿ ನೋಡಿದ.
"ಹೆಲ್ತ್ ಎಷ್ಟು ಹೋಯ್ತು?" ಅಂದ.

ಅಷ್ಟರಲ್ಲಿ ಗೋಣಿಬೀಡು ಕಡೆಯಿಂದ
ಕಲ್ಲೇಗೌಡರು, ಅವರ ಹೆಂಡತಿ ಹೂವಮ್ಮ
ಹಳೇ ಕಂಬಳಿಯಲ್ಲಿ ಸುತ್ತಿದ ಕೋವಿಯೊಂದಿಗೆ ಆಟೋ ಇಳಿದರು.
"ಬೇಗ ವಾಪಸ್ ಕೊಡ್ರವ್ವ, ಹಂದಿಗೇನು ಓಟೈತಾ?"
ಗೌಡರ ಎಡಗೈ ಎರಡು ವರ್ಷದಿಂದ
ಜೊತೆಗಿದೆ ಅಷ್ಟೆ, ಕೆಲಸಕ್ಕಿಲ್ಲ.
ಮತ್ತೆ ಹೊಡೆಯುವುದು ಹೇಗೆ, ನಿಶ್ಚಲ ಕೇಳಿದ.
ಮುದುಕಿ ಠಾಣೆಯ ನಡುಮನೆಯಲ್ಲೇ ನಿಂತು ತೋರಿಸಿದಳು:
ಮದ್ದು ಸುರಿಯುವುದು ಅವಳು, ತೆಂಗಿನ ನಾರು ತುರುಕುವುದು ಅವಳು,
ಗಜ ಹಾಕಿ ಜಡಿದು, ಚರೆ, ಮತ್ತೆ ನಾರು, ಕೊನೆಗೆ ಕೇಪು.
ಆಮೇಲೆ ಅವಳೇ ಮುಂದೆ ನಿಲ್ಲಬೇಕು,
ನಳಿಗೆ ಅವಳ ಬಲ ಹೆಗಲ ಮೇಲೆ.
ಹಿಂದೆ ಅವರು: ಒಂದು ಕೈ, ಒಂದು ಬೆರಳು.
"ಆಕಾಶಕ್ಕೇ ಹೊಡೆಯೋದು ಮಗ, ಸದ್ದಾದ್ರೆ ಸಾಕು."
ನಿಶ್ಚಲ ಮೆಲ್ಲಗೆ ಏನೋ ಕೇಳಿದ.
ಅವಳು ಪೂರ್ತಿ ತಿರುಗಿ
ಎಡಗಿವಿ ಕೊಟ್ಟಳು.

ಒಂದು ಕೋವಿ, ನಾಲ್ಕು ಕೈ. ಮೂರು ಅನ್ನಿ.
ಮಾಲೀಕರ ಹೆಸರಿಗೆ ಚೀಟಿಯಲ್ಲಿ ಒಂದೇ ಗೆರೆ.
ಗೌಡರ ಹೆಸರು ಬರೆದೆ, ನೂರ ಹದಿನೈದು.
ಹೂವಮ್ಮ ಕಂಬಳಿ ಮಡಚಿ ವಾಪಸ್ ಒಯ್ದಳು.
ನಿಶ್ಚಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ಫೋನು ತಡಕಿದ.
ಹೆಗಲು ಕೊಡುವ ಗುಂಡಿ
ಆಟದಲ್ಲಿ ಇಟ್ಟಿರಲಿಲ್ಲ.

ರಾತ್ರಿ ಪಾಳಿ. ಹೊರಗೆ ಸೆಂಟ್ರಿ ನಾಗಭೂಷಣ,
ಅವನ ರೇಡಿಯೋದಲ್ಲಿ ಯಾರೋ ಅಡಿಕೆ ಧಾರಣೆ ಓದುತ್ತಿದ್ದರು.
ಹೇಳಬಾರದು, ಹೇಳುತ್ತೇನೆ:
ಬಾಗಿಲು ಓರೆ ಮಾಡಿ
ಎಪ್ಪತ್ತೆರಡನ್ನು ಬಲಗೈಗೆ,
ನೂರ ಹದಿನೈದನ್ನು ಎಡಗೈಗೆ ತೆಗೆದುಕೊಂಡೆ.
ಬೆಳ್ಳಿ ಜಡೆಯಿಲ್ಲ; ಖಾಕಿ, ಹೇರ್‌ನೆಟ್ಟು, ಬಾಟಾ ಚಪ್ಪಲಿ.
ಎತ್ತಿ ಎಣಿಸಿದೆ. ಏಳಕ್ಕೆ ಎಡದ ಮೂತಿ ಇಳಿಯತೊಡಗಿತು,
ಒಂಬತ್ತಕ್ಕೆ ಮೊಣಕೈ ನಡುಗಿ
ಚೀಟಿಗಳು ಪಟಪಟ ಅಂದವು.
ಗುರಿಗೆ ಒಂದು ಕಣ್ಣು ಮುಚ್ಚಬೇಕು, ಮೊದಲ ದಿನದ ಪಾಠ.
ಎರಡು ನಳಿಗೆಗೆ ಯಾವ ಕಣ್ಣು?
ತಿಳಿಯದೆ
ಎರಡನ್ನೂ ಮುಚ್ಚಿದೆ.
ಆಮೇಲೆ, ಹೊರಗೆ ನಾಗಭೂಷಣ ಕೆಮ್ಮುವವರೆಗೆ,
ತೂಕ ಇರಲಿಲ್ಲ.