ಕೊನೆಯ ಅಂಕಿ

ತದಡಿ ಧಕ್ಕೆಯ ತಗಡಿನ ಮೇಲೆ
ಹಮ್ಮು ಅಂಬಿಗನ ನಂಬರು.
ಕೊನೆಯದನ್ನು ಉಪ್ಪುಗಾಳಿ ನೆಕ್ಕಿದೆ:
ಮೂರೋ, ಎಂಟೋ?

ಮೂರಕ್ಕೆ ಅಂಕೋಲೆಯ ಟೈರಂಗಡಿ.
ಎಂಟಕ್ಕೆ ಹೆಂಗಸೊಬ್ಬಳು
‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದಳು
ಮೂರು ಭಾಷೆಯಲ್ಲಿ, ಬೇಸರವಿಲ್ಲದೆ.
ಆರು, ಒಂಬತ್ತು, ಸೊನ್ನೆ...
ಊರೂರು ಎದ್ದು ಹಲೋ ಅಂದವು;
ಈ ಹೊಳೆಯೊಂದನ್ನು ದಾಟಲಾಗಲಿಲ್ಲ.
ಆಚೆ ದಡದಲ್ಲಿ ಅವನ ಕೆಂಪು ಟೊಪ್ಪಿಗೆ
ಚುಕ್ಕಿಯಷ್ಟೇ, ಆದರೂ ಕಾಣುತ್ತಿದೆ.

ಬಳಚಿನ ಬುಟ್ಟಿ ಕೆಳಗಿಟ್ಟು ಮಾದೇವಿ
ಬಾಯಿಗೆ ಕೈ ಗೂಡು ಮಾಡಿದಳು:
‘ಹಮ್ಮೂ... ಊ...’
ಇಳಿತದ ನೀರಿನ ಮೇಲೆ ಆ ಊ
ಜಾರುತ್ತ ಹೋಗಿ ಅವನ ಕಿವಿ ಹಿಡಿಯಿತು.
ದೋಣಿ ತಿರುಗಿತು.

‘ಕೊನೇದು ಯಾವ ಅಂಕಿ ಮಾರಾಯಾ?’
ಹುಟ್ಟು ಎತ್ತಿಟ್ಟು ಯೋಚಿಸಿದ.
‘ನಂಗೆ ನಾನೇ ಯಾವತ್ತು ಫೋನ್ ಮಾಡಿದ್ದೆ?’