ಪರಖಿ

ಗಂಜಿನಾಗ ಯಾರೂ ಚೀಲದ ಬಾಯಿ ನೋಡಿ ತೊಗರಿ ಕೊಳ್ಳಂಗಿಲ್ಲ.
ಬಾಯಾಗಿನ ಕಾಳು ಯಾವತ್ತೂ
ಮದುವಿಗಿ ಹೊಂಟವರಂಗ ಇರ್ತಾವ.
ಪರಖಿ ಚುಚ್ಚಬೇಕು ನಡುಹೊಟ್ಟಿಗಿ, ಓರೆ ಹಿಡಿದು, ಒಂದೇ ಏಟಿಗಿ.
ಅಂಗೈಗಿ ಉದುರಿದ್ದು ಹಲ್ಲಿನ ನಡುವ ಇಟ್ಟು
ಕಟ್ ಅನ್ನಿಸಬೇಕು.
ಅಬ್ಬಾ ಮೂವತ್ತು ವರ್ಷ ಇದನ್ನೇ ಮಾಡಿದರು,
ಹಲ್ಲು ಹೋಗೂತನ.

ನಾ ಮಾಡೂದೂ ಅದೇ,
ಕಪನೂರಿನ ದಾಲ್‌ಮಿಲ್ಲಿನ ಮ್ಯಾಲಿನ ಖೋಲ್ಯಾಗ,
ಕೆಳಗಿನ ಪಾಲಿಶ್ ಮಷೀನಿಗಿ ನಡುಗುವ ಟೇಬಲ್ಲಿನ ಮ್ಯಾಲ.

ಸೊಲ್ಲಾಪುರದಿಂದ ಬಂದಿದ್ದ, ಸಾಫ್ಟ್‌ವೇರ್ ಮಾರುವ ಹುಡುಗ.
ಹಸಿರು ಗುಂಡಿ ಒತ್ತಿದರ ಸ್ಟಾಕು, ನೀಲಿ ಒತ್ತಿದರ ಜಿಎಸ್‌ಟಿ,
ಮೂಲ್ಯಾಗ ತಿರುಗುವ ಒಂದು ಹಳದಿ ತೊಗರಿ ಹೂವು.
ಸಾಹುಕಾರ ರಾಚಣ್ಣಪ್ಪ ಹೂವನ್ನೇ ನೋಡ್ತಿದ್ದರು.
‘ಹದಿನೈದು ದಿನ ಇಟ್ಕೊಳ್ರಿ, ಆಮ್ಯಾಲ ಹೇಳ್ರಿ’ ಅಂದ.

ಪಾಳಿ ಬಿಟ್ಟ ಮ್ಯಾಲ ಡೇಟಾಬೇಸ್ ಬಿಚ್ಚಿದೆ.
ಇನ್ನೂರಾ ಹದಿನಾಲ್ಕು ಟೇಬಲ್ಲು, ಒಂದಕ್ಕೊಂದು ಸಂಬಂಧಿಲ್ಲ,
ಒಂದೇ ವಾಡೇದಾಗ ಮಾತು ಬಿಟ್ಟ ಅಣ್ತಮ್ಮಂದಿರಂಗ.
ಒಂದರ ಹೆಸರು ಟೆಂಪ್ ಎರಡು,
ಇನ್ನೊಂದರದ್ದು ಟೆಂಪ್ ಎರಡು ಹೊಸದು.
ಒಂದು ಕಾಲಮ್ಮಿನ್ಯಾಗ ‘ಟೈಲ್ಸ್ ಅಳತಿ’ ಅಂತಿತ್ತು.
ಹೋದ ಜನ್ಮದಾಗ ಇದು ಫರಸಿ ಅಂಗಡಿ!
ಒಬ್ಬಾಕಿನೇ ನಕ್ಕೆ. ವಾಚ್‌ಮನ್ ದಸ್ತಗೀರ್ ಚಾಚಾ
ಬ್ಯಾಟರಿ ಬಿಟ್ಟು ನೋಡಿ ಹೋದರು.

ಆಮ್ಯಾಲ ಒಂದು ಸುಳ್ಳು ಚೀಲ ಹಾಕಿದೆ.
ರೈತನ ಊರು ಚಿತ್ತಾಪುರ, ಹೆಸರು ನಾನೇ ಇಟ್ಟೆ, ಭೀಮಶಾ.
ತೂಕ ಐವತ್ತು ಕಿಲೋ ಏಳುನೂರು ಗ್ರಾಂ.
ಹಾಕೂಕಿಂತ ಮೊದಲಿನ ನಕಲು, ಹಾಕಿದ ಮ್ಯಾಲಿನ ನಕಲು
ಬಾಜೂ ಬಾಜೂ ಇಟ್ಟು
ಇನ್ನೂರಾ ಹದಿನಾಲ್ಕರಾಗ ಯಾವುದು ಉಸಿರಾಡ್ತು ಅಂತ ಹುಡುಕಿದೆ.
ಮೂರು ಕಡಿ ಒಂದೊಂದು ಸಾಲು ಹುಟ್ಟಿತ್ತು.
ಮೂರನೇದ್ರಾಗ ಭೀಮಶಾನ ತೂಕ:
ಐವತ್ತು.

ಬರೇ ಐವತ್ತು.
ಪರದೆ ಮ್ಯಾಲ ಐವತ್ತು ಬಿಂದು ಸೊನ್ನೆ ಸೊನ್ನೆ,
ಆ ಎರಡೂ ಸೊನ್ನೆ ಕಡ ತಂದ ಒಡವಿ.
ಇನ್ನೊಂದು ಚೀಲ, ಐವತ್ತರ ಮ್ಯಾಲ ಒಂಬೈನೂರು ಗ್ರಾಂ.
ಐವತ್ತು.
ಪೂರ್ಣಾಂಕದ ಕಾಲಮ್ಮಿನ್ಯಾಗ ಬಾಲ ಹಿಡಿಸಂಗಿಲ್ಲ.

ಹಂಗಾಮಿಗಿ ನಲವತ್ತು ಸಾವಿರ ಚೀಲ.
ಚೀಲಕ್ಕ ಅರ್ಧ ಕಿಲೋ ಅಂತ ಹಿಡಿದರೂ
ಇನ್ನೂರು ಕ್ವಿಂಟಲ್. ಎರಡು ಲಾರಿ ತೊಗರಿ
ಯಾವ ಟೇಬಲ್ಲಿಗೂ ಗೊತ್ತಿಲ್ಲದ
ಗೇಟಿನಿಂದ ಒಳಗ ಬರ್ತದ.

ಮುಂಜಾನಿ ಹಾಳಿ ಮುಂದಿಟ್ಟು ‘ಇದು ಬ್ಯಾಡ್ರಿ’ ಅಂದೆ.
ಟೈಲ್ಸಿಗಿ ಸಾಹುಕಾರರು ನಕ್ಕರು.
ಗ್ರಾಮಿನ ಸಾಲಿಗಿ ಬಂದು ಬಶಿ ಕೆಳಗಿಟ್ಟರು.

‘ತಹಸೀನ್, ನಾವು ತಗೊಳ್ಳುವಾಗ ಇಳೀತದೋ ಏರ್ತದೋ?’
‘ಇಳೀತದ್ರಿ.’
‘ಯಾವಾಗ್ಲೂ?’
‘ಯಾವಾಗ್ಲೂ.’
‘ಮಾರುವಾಗ?’
‘ಅದು ಪಾಕೀಟಿನ ಲೆಕ್ಕ, ಅಲ್ಲಿ ಬಾಲ ಇಲ್ಲ.’

ಕಿಟಕಿ ಕಡಿ ಮುಖ ಮಾಡಿದರು, ಬಾಳ ಹೊತ್ತು.
ಚಾದ ಮ್ಯಾಲ ಕೆನಿ ಕಟ್ಟಿತು.
‘ಆ ಹುಡುಗಗ ಫೋನ್ ಹಚ್ಚು’ ಅಂದರು,
‘ಎಷ್ಟು ಇಳಿಸ್ತಾನ ಕೇಳು.’

ಹಚ್ಚಿದೆ. ರಿಂಗ್ ಹೊಂಟಿತ್ತು.
ಅಂಗಳದಾಗ ಹಮಾಲ ತಿಪ್ಪಣ್ಣ ಪರಖಿ ಎಳೆದು
ಗೋಣಿಗಿ ಅಂಗೈಲೆ ಎರಡು ಸಲ ತಟ್ಟಿದ.
ತೂತು ಇತ್ತೋ ಇಲ್ಲೋ ಅನ್ನೂವಂಗ ಮುಚ್ಕೊಂತು.

‘ಹಲೋ ಮೇಡಂ, ಹೆಂಗನಿಸ್ತು?’

ಭೀಮಶಾನ ಏಳುನೂರು ಗ್ರಾಂ
ಹಲ್ಲಿನ ನಡುವ ಹಿಡಿದು ನಿಂತಿದ್ದೆ.