ಕರೆಂಟು ಹೋದ ಪುಟ

ಆದೋನಿಯ ಆ ಜಿನ್ನಿಂಗ್ ಮಿಲ್ಲಿಗೆ ಎರಡು ಗೇಟು.
ಪಡುವಣದ್ದು ನನ್ನದು, ಮೂಡಣದ್ದು ದಸ್ತಗಿರಿಯದು.
ನಡುವೆ ಹತ್ತಿಯ ಗುಡ್ಡ,
ಬೀಡಿ ಹಚ್ಚಬಾರದೆಂದು ಮೂರು ಭಾಷೆಯ ಬೋರ್ಡು.

ರಾತ್ರಿ ಹನ್ನೊಂದರ ಮೇಲೆ
ತನ್ನ ಗೇಟಿಗೆ ಬೀಗ ಜಡಿದು ಬರುತ್ತಿದ್ದ:
"ಓದು ಉರುಕುಂದಪ್ಪ, ಆ ಕುದುರಿಯೋರು ಏನಾದ್ರು?"
ಅವನು ಕಲಿತದ್ದು ತೆಲುಗು, ಅದೂ ನಾಲ್ಕನೇ ಕ್ಲಾಸು.
ಪುಸ್ತಕ ಕನ್ನಡದ್ದು, ರದ್ದಿಯ ಜೊತೆ ತೂಕಕ್ಕೆ ಬಂದದ್ದು.
ಮುಂದೆ ಕೆಂಪು ಮರುಭೂಮಿ, ಒಂದು ಕುದುರೆ,
ಹಿಂದೆ ಯಾರದೋ ಹಾಲಿನ ಲೆಕ್ಕ.

ಕಥೆಯಲ್ಲಿ ಇಬ್ಬರು.
ಷೆರೀಫ್ ಡಾಬ್ಸನ್: ಟೋಪಿ ತೆಗೆಯದೆ ಹೆಂಗಸರೊಡನೆ ಮಾತಾಡದವ,
ಗುಂಡು ಎಣಿಸಿ ಇಡುವವ.
ರೂಕ್: ಕದ್ದ ಕುದುರೆಗೆ ಹಾಡು ಹೇಳುವವ,
ಇಸ್ಪೀಟಿನಲ್ಲಿ ಗೆದ್ದದ್ದನ್ನು
ವಿಧವೆಯೊಬ್ಬಳ ಬಾಗಿಲಲ್ಲಿ ಮರೆತು ಬರುವವ.
ಡಾಬ್ಸನ್ ಬಂದರೆ ನನ್ನ ಬೆನ್ನು ನೆಟ್ಟಗಾಗುತ್ತಿತ್ತು.
ರೂಕ್ ಬಂದರೆ ದಸ್ತಗಿರಿ ನಗುತ್ತಿದ್ದ,
ಶೇಂಗಾ ಸಿಪ್ಪೆಯನ್ನು ನನ್ನ ಹಾಸಿಗೆಯ ಮೇಲೇ ಉದುರಿಸುತ್ತ.

ಸುಳ್ಳು ಯಾಕೆ ಹೇಳಲಿ,
ಮೂವತ್ತನೇ ಪುಟದಿಂದಲೇ ನಾನು ತಿದ್ದುತ್ತಿದ್ದೆ.
ಡಾಬ್ಸನ್ ಅಂಜಿ ಬಾಗಿಲ ಸಂದಿಯಲ್ಲಿ ನಿಂತ ಸಾಲು
ನನ್ನ ಬಾಯಿಗೆ ಬರಲಿಲ್ಲ.
ರೂಕ್ ಹೊಳೆಯಿಂದ ಕರು ಎತ್ತಿ ತಂದದ್ದನ್ನು
ಡಾಬ್ಸನ್ನನ ಲೆಕ್ಕಕ್ಕೆ ಬರೆದೆ.
ಅಚ್ಚಾದ ಅಕ್ಷರ ತಕರಾರು ಮಾಡಲಿಲ್ಲ.

ಒಂದು ಮಂಗಳವಾರ ಕರೆಂಟು ಹೋಯಿತು.
ಪುಟ ಹಿಡಿದುಕೊಂಡೇ ಇದ್ದೆ,
ಓದುತ್ತಲೇ ಇದ್ದೆ.
ಡಾಬ್ಸನ್ ಒಬ್ಬನೇ ಏಳು ಜನರನ್ನು ಕೆಡವಿದ.
ಎಂಟನೆಯವನ ಹತ್ತಿರ ಬರುವಾಗ
ನನ್ನ ದನಿ ನನಗೇ ಕೇಳಿಸಿತು,
ಕಗ್ಗತ್ತಲಲ್ಲಿ.

ಶೇಂಗಾ ಒಡೆಯುವ ಸದ್ದು ನಿಂತಿತ್ತು.
ಬಹಳ ಹೊತ್ತಿನ ಮೇಲೆ ದಸ್ತಗಿರಿ ಅಂದ:
"ಎಂಟನೇದವ್ನ ಬಿಟ್ಬಿಡು.
ಅವ್ನಿಗೆ ಮಕ್ಕಳು ಅದಾವ."

ಕೊನೆಯ ಎರಡು ಹಾಳೆ ಇರಲಿಲ್ಲ,
ಯಾರೋ ಮಿರ್ಚಿ ಕಟ್ಟಿರಬೇಕು.
ನಡುಬೀದಿ, ಸುಡು ಮಧ್ಯಾಹ್ನ, ಇಬ್ಬರೂ ಎದುರುಬದುರು,
ಮುಂದೆ ಬರೀ ರಟ್ಟು.
"ಇವತ್ತು ನೀನು ಓದು" ಅಂದೆ, ಪುಸ್ತಕ ಅವನ ಕೈಗಿಟ್ಟು.
ತಲೆಕೆಳಗಾಗಿ ಹಿಡಿದ, ಕೆಮ್ಮಿದ, ಓದತೊಡಗಿದ.
ರೂಕ್ ಪಿಸ್ತೂಲು ತೆಗೆದನಂತೆ, ಒಳಗೆ ಗುಂಡಿಲ್ಲವಂತೆ.
ಡಾಬ್ಸನ್ ತನ್ನವನ್ನು ಎಣಿಸಿದನಂತೆ, ಆರಿದ್ದವಂತೆ,
ಮೂರು ತೆಗೆದು ಕೊಟ್ಟನಂತೆ.

"ಆಮೇಲೆ?"
"ಆಮೇಲೇನು, ಗಂಟಿ ಎರಡಾತು" ಎಂದು ಎದ್ದ.

ಹತ್ತಿಯ ಗುಡ್ಡದ ಆಚೆ ಅವನ ಲಾಠಿ
ನೆಲಕ್ಕೆ ಬಡಿಯಿತು, ಎಲ್ಲ ಸರಿ ಎಂದು.
ಉತ್ತರಿಸಲು ನನ್ನ ಸೀಟಿ ತಡಕಿದೆ.
ಶೇಂಗಾ ಸಿಪ್ಪೆಯ ಕೆಳಗಿತ್ತು.